‘ಕಪ್ಪು’ ಎಂಬುದರೊಳಗೆ ಯಾರಿದ್ದರು?

ಕಳೆದ ಸಂಚಿಕೆಯಲ್ಲಿ ಬಂದ ಅಮೆರಿಕದಲ್ಲಿ ಕರಿಯರನ್ನು ಸಂಘಟಿಸಿದ ಜಮೈಕಾ ಮೂಲದ ಮುಖಂಡ ಮಾರ್ಕಸ್ ಗಾರ್ವಿ ಕುರಿತ ಲೇಖನವನ್ನು ಓದಿದ ಶಿವಮೊಗ್ಗದ ಓದುಗರೊಬ್ಬರು, ‘ಕಪ್ಪು ರಾಷ್ಟ್ರೀಯತೆ ಬಿಳಿಯರ ಜನಾಂಗದ್ವೇಷದ ಇನ್ನೊಂದು ಮುಖವಷ್ಟೇ ಅಲ್ಲವೇ?’ ಎಂದು ಕೇಳಿದ್ದಾರೆ.

ಮಾನ್ಯರೇ, ಕಪ್ಪು ರಾಷ್ಟ್ರೀಯತೆಯೆಂದರೆ ಕರಿಯರು ಒಂದೇ ಜನಸಮುದಾಯವಾಗಿ ಒಗ್ಗೂಡಿ ತಮ್ಮ ಬದುಕನ್ನು ತಾವೇ ಕಟ್ಟಿಕೊಳ್ಳಬೇಕೆಂಬ ವಿಚಾರ. ಗಾರ್ವಿಯೊಬ್ಬರನ್ನೇ ನೋಡಿದರೆ ನಿಮ್ಮ ಅನುಮಾನ ಸಹಜವಾದದ್ದೇ. ಅವರು ಜನಾಂಗಶುದ್ಧಿಯ ಮಾತನ್ನಾಡಿದ್ದರು. 1922ರಲ್ಲಿ, ಬಿಳಿಯರೇ ಶ್ರೇಷ್ಠರೆಂದು ಹಿಂಸೆಗಿಳಿದಿದ್ದ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಮುಖಂಡನೊಬ್ಬನನ್ನು ಭೇಟಿಯಾಗಿದ್ದರು. ಇದನ್ನು ನಾನು ಸಮರ್ಥಿಸಲಾರೆ. ಆದರೆ ಕರಿಯರನ್ನು ಹಾಡಹಗಲೇ ಗುಂಪುಗೂಡಿ ಕೊಲ್ಲುತ್ತಿದ್ದ ಅಮೆರಿಕದಲ್ಲಿ, ಮನೆಗೆಲಸದವರೂ ಕೂಲಿಕಾರರೂ ಐದೈದು ಡಾಲರ್ ಕೊಟ್ಟು ಗಾರ್ವಿಯವರ ಹಡಗು ಕಂಪನಿಯ ಷೇರು ಕೊಂಡದ್ದು ದ್ವೇಷದಿಂದಲ್ಲ, ತಮ್ಮದೆನ್ನುವಂಥದ್ದು ಏನಾದರೂ ಇರಲಿ ಎಂಬ ಹಂಬಲದಿಂದ.

ಅದಕ್ಕೂ ಬಹಳ ಹಿಂದೆ, ಗುಲಾಮರೇ ದಂಗೆಯೆದ್ದು ಕಟ್ಟಿದ ಕೆರಿಬಿಯನ್ ದೇಶ ಹೈಟಿಯ 1805ರ ಸಂವಿಧಾನವು ಪ್ರಜೆಗಳೆಲ್ಲರನ್ನೂ ‘ಕರಿಯರು’ ಎಂದೇ ಕರೆಯಬೇಕೆಂದು ವಿಧಿಸಿತು. ಅಲ್ಲಿ ಪೌರತ್ವ ಪಡೆದ ಪೋಲಿಷರೂ ಜರ್ಮನರೂ ಅದರಲ್ಲಿ ಸೇರಿದ್ದರು. ಅಂದರೆ ‘ಕಪ್ಪು’ ಎಂಬುದು ಅಲ್ಲಿ ಬರಿಯ ಮೈಬಣ್ಣದ ಮಾತಾಗಿರಲಿಲ್ಲ.

ದಕ್ಷಿಣ ಆಫ್ರಿಕಾದ ಉದಾಹರಣೆ ನನಗೆ ಇನ್ನೂ ಮುಖ್ಯ. ವರ್ಣಭೇದದ ಸರ್ಕಾರ ಆಫ್ರಿಕನ್ನರು, ಭಾರತೀಯರು, ಮಿಶ್ರವರ್ಣೀಯರು ಎಂದು ಜನರನ್ನು ವಿಂಗಡಿಸಿ, ಒಬ್ಬೊಬ್ಬರಿಗೆ ಒಂದೊಂದು ವಸತಿಪ್ರದೇಶ, ಒಂದೊಂದು ಶಾಲೆ ಗೊತ್ತುಮಾಡಿ, ಎಲ್ಲರನ್ನೂ ಒಟ್ಟಾಗಿ ‘ಬಿಳಿಯರಲ್ಲದವರು’ ಎನ್ನುತ್ತಿತ್ತು. ಕರಿಯ ಹೋರಾಟಗಾರ ಸ್ಟೀವ್ ಬಿಕೊ ಮುಂದಾಳುತನದ ವಿದ್ಯಾರ್ಥಿ ಸಂಘಟನೆ ಈ ಹೆಸರನ್ನು ತಿರಸ್ಕರಿಸಿ, ಕಾನೂನಿನಿಂದಲೋ ರೂಢಿಯಿಂದಲೋ ತಾರತಮ್ಯಕ್ಕೆ ಗುರಿಯಾಗಿ, ಅದರ ವಿರುದ್ಧದ ಹೋರಾಟದಲ್ಲಿ ಒಂದಾಗಿ ನಿಲ್ಲುವವರೆಲ್ಲರೂ ಕರಿಯರೇ ಎಂದು 1971ರಲ್ಲಿ ಸಾರಿತು. ಭಾರತೀಯ ಮೂಲದ ಸ್ಯಾತ್ಸ್ ಕೂಪರ್ ಮತ್ತು ಸ್ಟ್ರಿನಿ ಮೂಡ್ಲಿ ಅದೇ ಚಳವಳಿಗಾಗಿ ರಾಜಕೀಯ ಕೈದಿಗಳನ್ನಿಡುತ್ತಿದ್ದ ರಾಬೆನ್ ದ್ವೀಪದಲ್ಲಿ ಸೆರೆವಾಸ ಅನುಭವಿಸಿದರು. ಬಿಕೊ 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಪೆಟ್ಟುತಿಂದು ಸತ್ತರು. ಇವರನ್ನು ಜನಾಂಗದ್ವೇಷಿಗಳೆಂದು ಕರೆಯಲು ನಿಮಗೂ ಮನಸ್ಸಾಗದು ಎಂದು ನಂಬಿದ್ದೇನೆ.

ಒಂದೇ ಹಾದಿ ಎಲ್ಲೆಡೆ ಫಲಿಸಿತೆಂದಲ್ಲ. ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ 1970ರ ಮಾರ್ಚ್ 12ರಂದು ‘ಕರಿಯರ ಅಧಿಕಾರ’ ಚಳವಳಿಯ ಸಾವಿರಾರು ಜನ ರಾಜಧಾನಿಯಿಂದ ಭಾರತೀಯ ಮೂಲದವರು ದುಡಿಯುತ್ತಿದ್ದ ಕರೋನಿಯ ಕಬ್ಬಿನ ಸೀಮೆಗೆ, ಭಾರತೀಯರೂ ಆಫ್ರಿಕನ್ನರೂ ಒಂದಾಗಬೇಕೆಂಬ ಬ್ಯಾನರ್ ಹಿಡಿದು ನಡೆದರು. ಆದರೆ ಅಲ್ಲಿ ಅಧಿಕಾರದಲ್ಲಿದ್ದದ್ದು ಬಿಳಿಯರಲ್ಲ, ಆಫ್ರಿಕನ್ ಮೂಲದ ಪ್ರಧಾನಿ ಎರಿಕ್ ವಿಲಿಯಮ್ಸ್. ಹೀಗಿರುವಾಗ ಕರಿಯರ ಅಧಿಕಾರವೆಂಬ ಘೋಷಣೆಯಲ್ಲಿ ತಮಗೇನು ಪಾಲಿದೆ ಎಂದು ಕಬ್ಬು ಕಡಿಯುವ ಎಷ್ಟೋ ಮಂದಿ ಹಿಂಜರಿದರು. ಆ ಹಿಂಜರಿಕೆ ನ್ಯಾಯವಾದದ್ದೆಂದೇ ನನ್ನ ಭಾವನೆ. ಏಪ್ರಿಲ್ 21ರಂದು ಸರ್ಕಾರ ತುರ್ತುಪರಿಸ್ಥಿತಿ ಹೇರಿ ಮುಖಂಡರನ್ನು ಬಂಧಿಸಿದ್ದರಿಂದ, ಆ ಅನುಮಾನ ಬಗೆಹರಿಯುವ ಅವಕಾಶವೇ ಉಳಿಯಲಿಲ್ಲ.

— ಸಂ.