ಮೂರು ದಿನ ಸರೋವರ ನೋಡಿ ನೈಲ್‌ನ ಮೂಲ ಹೇಳಿದವನು

ಪ್ರಶ್ನೆ: ಮಗ ಕಂಪಾಲಾದಲ್ಲಿ ಕೆಲಸಕ್ಕಿದ್ದಾನೆ. ಈ ಸಲ ಹೋದಾಗ ಜಿಂಜಾ ಊರಿಗೆ ಕರೆದುಕೊಂಡು ಹೋಗಿದ್ದ. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವ ಜಾಗ. ಸ್ಪೀಕ್ ಎಂಬ ಇಂಗ್ಲಿಷಿನವನು 1862ರಲ್ಲಿ ಇದನ್ನು ಕಂಡುಹಿಡಿದ ಎಂದು ಗೈಡ್ ಹೇಳಿದ. ಮನೆಗೆ ಬಂದು ಓದಿದರೆ ಒಂದು ಕಡೆ 1858, ಇನ್ನೊಂದು ಕಡೆ 1875 ಅಂತಿದೆ. ಯಾವುದು ಸರಿ? ಅಷ್ಟು ದೊಡ್ಡ ಸರೋವರ ಅಲ್ಲಿಯವರಿಗೆ ಮೊದಲೇ ಗೊತ್ತಿರಲಿಲ್ವಾ? ಅಲ್ಲೊಂದು ಜಲಪಾತ ಇತ್ತಂತೆ, ನಮಗಂತೂ ಕಾಣಲಿಲ್ಲ.
– ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಮೂರು ಇಸವಿಯೂ ಸರಿ. 1858ರಲ್ಲಿ ಸ್ಪೀಕ್ ಸರೋವರದ ದಕ್ಷಿಣದ ತುದಿ ನೋಡಿದ. 1862ರಲ್ಲಿ ಉತ್ತರದಲ್ಲಿ ನೀರು ಹೊರಬೀಳುವ ಜಾಗ ನೋಡಿದ. ನಡುವೆ ಏನಿದೆ ಅಂತ ಸುತ್ತು ಹಾಕಿ ನೋಡಿದ್ದು ಸ್ಟಾನ್ಲಿ ಎಂಬ ಇನ್ನೊಬ್ಬ ಅನ್ವೇಷಕ, 1875ರಲ್ಲಿ.

ಅಲ್ಲಿಯವರಿಗೆ ಗೊತ್ತಿರಲಿಲ್ವಾ ಅಂದಿರಿ. ಚೆನ್ನಾಗಿಯೇ ಗೊತ್ತಿತ್ತು. ಬುಗಾಂಡದವರು ಅದನ್ನು ನಲುಬಾಲೆ ಅನ್ನುತ್ತಿದ್ದರು, ಲುವೋ ಜನ ಲೋಲ್ವೆ ಅನ್ನುತ್ತಿದ್ದರು. ಒಳನಾಡಿಗೆ ವ್ಯಾಪಾರಕ್ಕೆ ಹೋಗುತ್ತಿದ್ದ ಅರಬರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಯುರೋಪಿನವರಿಗೆ. 1856ರಲ್ಲಿ ಲಂಡನ್ನಿನಲ್ಲಿ ತೋರಿಸಿದ ಒಂದು ನಕ್ಷೆಯಲ್ಲಿ ಪೂರ್ವ ಆಫ್ರಿಕಾದ ಸರೋವರಗಳೆಲ್ಲ ಸೇರಿ ಬಸವನಹುಳುವಿನ ಥರ ಒಂದೇ ಉದ್ದನೆಯ ನೀರಾಗಿತ್ತು!

ಅದನ್ನು ನೋಡಿಬರಲು 1857ರಲ್ಲಿ ಬರ್ಟನ್ ಮತ್ತು ಸ್ಪೀಕ್ ಹೊರಟರು. ಇಬ್ಬರೂ ಇಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅಧಿಕಾರಿಗಳಾಗಿದ್ದವರು. 1858ರ ಫೆಬ್ರವರಿಯಲ್ಲಿ ಟ್ಯಾಂಗನಿಕಾ ಸರೋವರ ಮುಟ್ಟುವ ಹೊತ್ತಿಗೆ ಬರ್ಟನ್‌ಗೆ ನಡೆಯಲು ಆಗುತ್ತಿರಲಿಲ್ಲ, ಸ್ಪೀಕ್‌ಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ವಾಪಸ್ ಬರುವಾಗ ಕಾಝೆ ಎಂಬ ಊರಲ್ಲಿ ನಿಂತರು. ಅದು ಈಗಿನ ಟಬೋರಾ. ಉತ್ತರಕ್ಕೆ ಇದಕ್ಕಿಂತ ದೊಡ್ಡ ಸರೋವರ ಇದೆ ಎಂದು ಸ್ನೇ ಬಿನ್ ಆಮಿರ್ ಎಂಬ ಅರಬ್ ವ್ಯಾಪಾರಿ ಹೇಳಿದ್ದು ಅಲ್ಲೇ. ಬರ್ಟನ್ ಕಾಯಿಲೆಯಲ್ಲಿ ಅಲ್ಲೇ ಉಳಿದ. ಸ್ಪೀಕ್ ಹೊರಟ.

ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಸ್ಪೀಕ್ ಜೊತೆ ಹೋದ ಮನುಷ್ಯ. ಸಿದಿ ಮುಬಾರಕ್ ಬಾಂಬೆ ಅಂತ ಹೆಸರು. ಚಿಕ್ಕವನಿದ್ದಾಗ ಆಫ್ರಿಕಾದಲ್ಲಿ ಅವನನ್ನು ಹಿಡಿದು ಗುಲಾಮನಾಗಿ ಮಾರಿದ್ದರು. ಎಷ್ಟೋ ವರ್ಷ ಭಾರತದಲ್ಲಿದ್ದು, ಒಡೆಯ ಸತ್ತ ಮೇಲೆ ಬಿಡುಗಡೆಯಾಗಿ ತಿರುಗಿ ಹೋದವನು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹೆಸರಲ್ಲಿರುವುದೂ ಅದೇ ‘ಸಿದಿ’. ಸ್ಪೀಕ್‌ಗೆ ಅರಬ್ಬಿ ಬರುತ್ತಿರಲಿಲ್ಲ. ಬಾಂಬೆಗೆ ಹಿಂದುಸ್ತಾನಿ ಬರುತ್ತಿತ್ತು, ಸ್ಪೀಕ್‌ಗೂ ಬರುತ್ತಿತ್ತು. ಹಾಗಾಗಿ ಆ ಸರೋವರದ ದಡದಲ್ಲಿ ಇಬ್ಬರೂ ಆಡಿದ್ದು ನಮ್ಮ ಕಡೆಯ ಮಾತು!

ಆಗಸ್ಟ್ 3ರಂದು ಮ್ವಾನ್ಜಾ ಹತ್ತಿರದ ಒಂದು ಗುಡ್ಡ ಹತ್ತಿದಾಗ ಸ್ಪೀಕ್‌ಗೆ ಸರೋವರ ವಿಶಾಲವಾಗಿ ಕಂಡಿತು. ಇದು ಉತ್ತರಕ್ಕೆ ಎಷ್ಟು ದೂರ ಹೋಗುತ್ತೆ ಎಂದು ಊರಿನವನೊಬ್ಬನನ್ನು ಕೇಳಿಸಿದ. ಅವನು ಉತ್ತರಕ್ಕೆ ಮುಖ ಮಾಡಿ, ತಲೆ ಆಡಿಸುತ್ತಾ, ಬಲಗೈ ಮುಂದೆ ಚಾಚಿ ಚಿಟಿಕೆ ಹೊಡೆಯುತ್ತಲೇ ಇದ್ದ. ಯಾರಿಗೂ ಗೊತ್ತಿಲ್ಲ, ಬಹುಶಃ ಲೋಕದ ಕೊನೆವರೆಗೂ ಇರಬೇಕು ಅಂದ.

ಸ್ಪೀಕ್ ಅಲ್ಲಿದ್ದದ್ದು ಮೂರೇ ದಿನ. ನೀರಿಗೆ ಇಳಿಯಲು ದೋಣಿಯೂ ಸಿಗಲಿಲ್ಲ. ಆದರೆ ಒಂದು ಕೆಲಸ ಮಾಡಿದ. ನೀರು ಕುದಿಸಿ ಅದರಲ್ಲಿ ಥರ್ಮಾಮೀಟರ್ ಇಟ್ಟ. ಎತ್ತರದ ಜಾಗದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತೆ ಅಲ್ವಾ? ಹೆಚ್ಚುಕಡಿಮೆ 300 ಮೀಟರಿಗೆ 1 ಡಿಗ್ರಿ. ಆ ಲೆಕ್ಕದಲ್ಲಿ ಸರೋವರ ಮೂರೂಮುಕ್ಕಾಲು ಸಾವಿರ ಅಡಿ ಎತ್ತರದಲ್ಲಿದೆ ಎಂದು ಬಂತು. ಈಗಿನ ಅಳತೆ 1,134 ಮೀಟರ್, ಅಂದರೆ ಸುಮಾರು 3,720 ಅಡಿ. ಹತ್ತಿರ ಹತ್ತಿರ ನಮ್ಮ ಮಡಿಕೇರಿಯ ಎತ್ತರ. ಟ್ಯಾಂಗನಿಕಾದ ಲೆಕ್ಕ ಅವರಿಗೆ ಇದರ ಅರ್ಧದಷ್ಟು ಬಂದಿತ್ತು. ನೈಲ್ ಹರಿದು ಬರಬೇಕಾದರೆ ಮೇಲಿನಿಂದ ತಾನೇ ಬರಬೇಕು? ಇದೇ ನೈಲ್‌ನ ಮೂಲ ಎಂದು ಸ್ಪೀಕ್ ತೀರ್ಮಾನಿಸಿಬಿಟ್ಟ. ತಮ್ಮ ರಾಣಿಯ ಹೆಸರನ್ನೂ ಇಟ್ಟ.

ಬರ್ಟನ್ ಒಪ್ಪಲಿಲ್ಲ. ಅದರಲ್ಲಿ ಹೊಟ್ಟೆಕಿಚ್ಚೂ ಇತ್ತು ಅನ್ನಿಸುತ್ತೆ, ಆದರೆ ಅವನ ತಕರಾರು ನ್ಯಾಯವಾದದ್ದೇ. ಮೂರು ದಿನ ದಡದಲ್ಲಿ ನಿಂತು ನೋಡಿದ್ದು ಪುರಾವೆ ಹೇಗಾಗುತ್ತೆ? ಸ್ಪೀಕ್ ಇವನಿಗಿಂತ ಸುಮಾರು ಎರಡು ವಾರ ಮೊದಲೇ ಲಂಡನ್ ಸೇರಿ ಸುದ್ದಿ ಹೇಳಿಬಿಟ್ಟಿದ್ದ. ಮುಂದಿನ ಯಾತ್ರೆಯೂ ಅವನಿಗೇ ಸಿಕ್ಕಿತು. ಈ ಸಲ ಜೊತೆಗೆ ಗ್ರಾಂಟ್ ಎಂಬ ಇನ್ನೊಬ್ಬ ಸೇನಾಧಿಕಾರಿ. ಕಾಝೆಯಲ್ಲಿ ಇವರನ್ನು ಮನೆಯಲ್ಲಿಟ್ಟುಕೊಂಡವನು ಸೂರತ್ ಮೂಲದ ವ್ಯಾಪಾರಿ ಮೂಸಾ ಮ್ಝುರಿ.

1862ರ ಜುಲೈ 28ರಂದು ಸ್ಪೀಕ್ ನೀವು ನಿಂತಿದ್ದ ಜಾಗಕ್ಕೆ ಬಂದ. ಸುಮಾರು 12 ಅಡಿ ಎತ್ತರದಿಂದ, 400–500 ಅಡಿ ಅಗಲಕ್ಕೆ ನೀರು ಬೀಳುತ್ತಿತ್ತು. ಸಾವಿರಾರು ಮೀನು ಜಲಪಾತದ ಮೇಲಕ್ಕೆ ಹಾರುತ್ತಿದ್ದವು. ಬಂಡೆಗಳ ಮೇಲೆ ಗಾಳ ಹಿಡಿದ ಜನ, ನೀರಲ್ಲಿ ಮೊಸಳೆ, ನೀರಾನೆ. ರಿಪನ್ ಜಲಪಾತ ಎಂದು ಹೆಸರಿಟ್ಟ. ಇಷ್ಟಾದರೂ ಸರೋವರವನ್ನು ಸುತ್ತಲಿಲ್ಲ, ನದಿಯ ಗುಂಟ ಪೂರ್ತಿ ಹೋಗಲೂ ಇಲ್ಲ. ಅದು ಒಂದೇ ಸರೋವರವಲ್ಲ, ನಾಲ್ಕಾರು ಇರಬಹುದು ಎಂಬ ವಾದ ಎದ್ದಿತು. 1864ರ ಸೆಪ್ಟೆಂಬರ್ 16ಕ್ಕೆ ಇಂಗ್ಲೆಂಡಿನ ಬಾತ್ ಊರಲ್ಲಿ ಬರ್ಟನ್, ಸ್ಪೀಕ್ ಇಬ್ಬರ ಚರ್ಚೆ ಎಂದು ಗೊತ್ತಾಗಿತ್ತು. ಹಿಂದಿನ ದಿನ ಬೇಟೆಗೆ ಹೋದ ಸ್ಪೀಕ್ ಕಲ್ಲುಗೋಡೆ ದಾಟುವಾಗ ಅವನದೇ ಬಂದೂಕಿನ ಗುಂಡು ತಗುಲಿ ಸತ್ತ.

ಜಗಳ ಬಗೆಹರಿದದ್ದು ಹನ್ನೊಂದು ವರ್ಷದ ಮೇಲೆ. ಸ್ಟಾನ್ಲಿ ಬಿಡಿಭಾಗಗಳಾಗಿ ಬಿಚ್ಚಿ ಹೊರಬಹುದಾದ ದೋಣಿಯನ್ನು ಕರಾವಳಿಯಿಂದ ಹೊರಿಸಿಕೊಂಡು ಹೋದ. 1875ರ ಮಾರ್ಚ್ 8ಕ್ಕೆ ಹೊರಟು ಮೇ ತಿಂಗಳಲ್ಲಿ ಸುತ್ತು ಮುಗಿಸಿದ. ಒಂದೇ ಸರೋವರ, ನೀರು ಹೊರಹೋಗುವ ದಾರಿಯೂ ಒಂದೇ. ಸ್ಪೀಕ್ ಹೇಳಿದ್ದೇ ಸರಿಯಾಯಿತು. ಸುಮಾರು 68,800 ಚದರ ಕಿಲೋಮೀಟರ್ ನೀರು ಅದು, ನಮ್ಮ ರಾಜ್ಯದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅದಕ್ಕೆ ನೀರು ತರುವ ಕಗೇರಾ ನದಿಯ ಹುಟ್ಟನ್ನು ಹುಡುಕಿಕೊಂಡು ಆಮೇಲಿನವರು ರುವಾಂಡಾ, ಬುರುಂಡಿಯ ಬೆಟ್ಟಗಳವರೆಗೂ ಹೋದರು, ಅದು ಬೇರೆ ಕಥೆ.

ಇನ್ನು ಜಲಪಾತ. ಅದು ನಿಮಗೆ ಕಾಣುವ ಹಾಗೇ ಇಲ್ಲ. ಕೆಳಗಡೆ ಓವೆನ್ ಫಾಲ್ಸ್ ಅಣೆಕಟ್ಟು 1954ರಲ್ಲಿ ಮುಗಿದಾಗ ರಿಪನ್ ಜಲಪಾತ ಮುಳುಗಿಹೋಯಿತು. ದೋಣಿಯವರು ನಿಮ್ಮನ್ನು ನದಿ ಹುಟ್ಟುವ ಕಡೆಗೆ ಕರೆದುಕೊಂಡು ಹೋಗಿದ್ದರೆ, ನೀವು ಅದರ ಮೇಲೆಯೇ ಹಾದುಹೋಗಿದ್ದೀರಿ.