9 ವರ್ಷಕ್ಕೇ ಕ್ಲಿಪ್ ಬೇಕಾ?

ಮಗಳಿಗೆ 9 ವರ್ಷ, ಮೇಲಿನ ಮುಂದಿನ ಹಲ್ಲುಗಳು ಉಬ್ಬಿವೆ, ಈಗಲೇ ಕ್ಲಿಪ್ ಹಾಕಿಸಬೇಕಾ ಅಂತ ಕೇಳಿದ್ದೀರಿ. ಆರ್ಥೊಡಾಂಟಿಸ್ಟ್‌ಗೆ (ಹಲ್ಲಿನ ಸಾಲು, ದವಡೆ ಸರಿಪಡಿಸುವ ದಂತವೈದ್ಯರಿಗೆ) ಈಗಲೇ ತೋರಿಸಿ. ಕ್ಲಿಪ್‌ಗೆ ಮಾತ್ರ ಅವಸರ ಬೇಡ.

ಮೇಲಿನ ಹಲ್ಲು ಕೆಳಗಿನದಕ್ಕಿಂತ 2-3 ಮಿಲಿಮೀಟರ್ ಮುಂದಿರುವುದು ಸಹಜ. 6 ದಾಟಿದರೆ ಜಾಸ್ತಿಯೇ. ಆದರೆ ಎಷ್ಟೋ ಮಕ್ಕಳಲ್ಲಿ ನಿಜವಾದ ತೊಂದರೆ ಹಲ್ಲಿನದ್ದಲ್ಲ, ಕೆಳದವಡೆ ಹಿಂದೆ ಉಳಿದಿರುತ್ತದೆ. ಮುಖವನ್ನು ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಇದು ಗೊತ್ತಾಗುತ್ತದೆ.

ದವಡೆಯದ್ದೇ ಆದರೆ ಟ್ವಿನ್ ಬ್ಲಾಕ್‌ನಂಥ, ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ಸಾಧನ ಕೊಡುತ್ತಾರೆ. ಅದು ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತದೆ. ಮಕ್ಕಳು ಸರಸರನೆ ಎತ್ತರ ಬೆಳೆಯುವ ಹೊತ್ತಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹೆಣ್ಣುಮಕ್ಕಳಲ್ಲಿ ಆ ಹೊತ್ತು ಸಾಮಾನ್ಯವಾಗಿ 10ರಿಂದ 12 ವರ್ಷ. ಹೆಚ್ಚು ಹೊತ್ತು ಬಾಯಲ್ಲೇ ಇರಬೇಕು, ಡಬ್ಬಿಯಲ್ಲಿ ಸುಮ್ನೆ ಇಟ್ಟರೆ ಏನೂ ಆಗಲ್ಲ! ಸಾಲಾಗಿ ಜೋಡಿಸುವ ಕ್ಲಿಪ್ ಆಮೇಲೆ. ಜಾಗ ಸಾಲದಿದ್ದರೆ ಕೋರೆಹಲ್ಲಿನ ಹಿಂದಿನ ಹಲ್ಲು ಕೀಳಿಸಬೇಕಾಗಬಹುದು.

9ಕ್ಕೇ ಶುರು ಮಾಡಿದರೆ ಕೊನೆಗೆ ಹಲ್ಲು ಹೆಚ್ಚು ಚೆನ್ನಾಗೇನೂ ಆಗುವುದಿಲ್ಲ. ಒಂದು ಲಾಭ ಮಾತ್ರ ಇದೆ: ಬಿದ್ದಾಗ ಉಬ್ಬಿದ ಹಲ್ಲಿಗೆ ಪೆಟ್ಟಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ತುಟಿ ಮುಚ್ಚುತ್ತಿಲ್ಲ, ಶಾಲೆಯಲ್ಲಿ ರೇಗಿಸುತ್ತಾರೆ ಅಂದರೆ ನಾನಾದರೆ ಕಾಯುವುದಿಲ್ಲ. ಇಲ್ಲದಿದ್ದರೆ ಕಾಯಬಹುದು, ಆಟಕ್ಕೆ ಹೋಗುವಾಗ ಹಲ್ಲಿಗೆ ಪೆಟ್ಟಾಗದಂತೆ ಕಾಯುವ ಮೌತ್‌ಗಾರ್ಡ್ ಇರಲಿ.

ಬೆರಳು ಚೀಪುವ ಅಭ್ಯಾಸ ಇದೆಯಾ? ಇದ್ದರೆ ಮೊದಲು ಅದನ್ನು ಬಿಡಿಸಿ. ಗದರಿಸಬೇಡಿ, ಇನ್ನೂ ಜಾಸ್ತಿಯಾಗುತ್ತದೆ. ಕ್ಲಿಪ್ ಬಿಚ್ಚಿದ ಮೇಲೆ ರಿಟೈನರ್ (ಸರಿಯಾದ ಹಲ್ಲನ್ನು ಅಲ್ಲೇ ಹಿಡಿದಿಡುವ ಸಾಧನ) ಎಷ್ಟು ವರ್ಷ ಹಾಕಬೇಕು ಅಂತಲೂ ಮೊದಲೇ ಕೇಳಿಕೊಳ್ಳಿ. ಅದನ್ನು ಹಾಕುವುದು ಬಿಟ್ಟರೆ ಹಲ್ಲು ಮತ್ತೆ ಮುಂದೆ ಬರುತ್ತದೆ.