4.1 ಡಿಫ್ ತೆಗೆದು 4.3 ಹಾಕಬೇಕೋ 4.778 ಹಾಕಬೇಕೋ

ನೀವು ಕೇಳಿದ್ದು ಇಷ್ಟು: ಮಜ್ದಾ ಮಿಯಾಟಾ 1.8 ಕಾರು, 5-ಸ್ಪೀಡ್ ಗೇರ್‌ಬಾಕ್ಸ್, 4.1 ಡಿಫ್ (ಡಿಫರೆನ್ಷಿಯಲ್, ಗೇರ್‌ಬಾಕ್ಸ್‌ನಿಂದ ಬರುವ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಕೊಡುವ ಭಾಗ; 4.1 ಅಂದರೆ ಚಕ್ರ ಒಂದು ಸುತ್ತು ತಿರುಗಲು ಒಳಬರುವ ಶಾಫ್ಟ್ 4.1 ಸುತ್ತು ತಿರುಗಬೇಕು), 195/50 ಆರ್15 ಟೈರ್, ಟರ್ಬೊ ಇಲ್ಲ, ಲಿಮಿಟರ್ (ಎಂಜಿನ್ ವೇಗದ ಮಿತಿ) ನಿಮಿಷಕ್ಕೆ 7000 ಸುತ್ತಿಗೆ. ಟ್ರ್ಯಾಕ್‌ನ ಉದ್ದನೆಯ ನೇರ ದಾರಿ ಮುಗಿಯುವಾಗ ವೇಗ 165, ಅತಿ ನಿಧಾನದ ತಿರುವಿನಲ್ಲಿ 60, ಮಧ್ಯದ ಒಂದು ತಿರುವಿನಲ್ಲಿ 95 ಕಿ.ಮೀ. ಉತ್ತರ 4.3. 4.778 ಈ ಟ್ರ್ಯಾಕ್‌ಗೆ ಹೊಂದುವುದಿಲ್ಲ.

ಡಿಫ್ ಬದಲಿಸಿದರೆ ಗೇರ್‌ಗಳ ನಡುವಿನ ಅಂತರ ಕಡಿಮೆಯಾಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಆಗುವುದಿಲ್ಲ. ಈ ಬಾಕ್ಸ್‌ನ ಅನುಪಾತಗಳು 3.136, 1.888, 1.330, 1.000, 0.814. ಎರಡರಿಂದ ಮೂರಕ್ಕೆ ಹಾಕಿದಾಗ 7000 ಇದ್ದದ್ದು ಸುಮಾರು 4930ಕ್ಕೆ ಇಳಿಯುತ್ತದೆ, ಹಿಂದೆ ಯಾವ ಡಿಫ್ ಇದ್ದರೂ ಅಷ್ಟೇ. ಬದಲಾಗುವುದು ಆ ಬದಲಾವಣೆ ಯಾವ ವೇಗದಲ್ಲಿ ಬರುತ್ತದೆ ಅನ್ನುವುದು ಮಾತ್ರ. ಹಾಗಾಗಿ ‘ಎಷ್ಟು ಪಿಕಪ್ ಸಿಗುತ್ತದೆ’ ಅಂತ ಕೇಳುವುದಕ್ಕಿಂತ ‘ಯಾವ ತಿರುವಿನಲ್ಲಿ ಯಾವ ಗೇರ್’ ಅಂತ ಕೇಳಬೇಕು.

ಲೆಕ್ಕ ಸುಲಭ: ವೇಗ (ಗಂಟೆಗೆ ಕಿ.ಮೀ.) = ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) × ಟೈರಿನ ಸುತ್ತಳತೆ (ಮೀಟರ್) × 0.06 ÷ (ಗೇರ್ × ಡಿಫ್). ಸುತ್ತಳತೆಯನ್ನು ಟೈರ್ ಮೇಲೆ ಬರೆದಿರುವ ಅಳತೆಯಿಂದ ತೆಗೆಯಬೇಡಿ. ಕಾಗದದಲ್ಲಿ 1.81 ಬರುತ್ತದೆ, ಭಾರ ಬಿದ್ದ ಮೇಲೆ 1.76ರ ಆಸುಪಾಸು. ಡ್ರೈವರ್ ಕೂತಿರಲಿ, ಗಾಳಿ ಸರಿಯಿರಲಿ, ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಒಂದು ಪೂರ್ತಿ ಸುತ್ತು ಉರುಳಿಸಿ ನೆಲದ ಮೇಲೆ ಅಳೆಯಿರಿ.

1.76 ಹಿಡಿದರೆ 165 ಕಿ.ಮೀ.ನಲ್ಲಿ ನಾಲ್ಕನೇ ಗೇರ್ 4.1ಕ್ಕೆ 6400, 4.3ಕ್ಕೆ 6720, 4.778ಕ್ಕೆ 7460. ಕೊನೆಯದು ಲಿಮಿಟರ್ ದಾಟಿತು. ಅಂದರೆ ಬ್ರೇಕ್ ಹಾಕುವ ಸ್ವಲ್ಪ ಮುಂಚೆ ಐದಕ್ಕೆ ಹಾಕಿ, ತಕ್ಷಣ ಮತ್ತೆ ಇಳಿಸಬೇಕು. 4.1ಕ್ಕಿಂತ ಚಕ್ರಕ್ಕೆ ಸಿಗುವ ಶೇ. 16.5 ಹೆಚ್ಚು ಟಾರ್ಕ್‌ನಿಂದ (ತಿರುಗಿಸುವ ಬಲದಿಂದ) ಗಳಿಸಿದ್ದರಲ್ಲಿ ಒಂದಿಷ್ಟು ಅಲ್ಲೇ ಹೋಯಿತು. 4.3ರಲ್ಲಿ ನಾಲ್ಕನೇ ಗೇರ್ 172ರವರೆಗೆ ಎಳೆಯುತ್ತದೆ. ಹಿಂಗಾಳಿ ಇದ್ದ ದಿನಕ್ಕೂ ಒಳ್ಳೆಯ ಟೈರ್ ಹಾಕಿ ತಿರುವಿನಿಂದ ವೇಗವಾಗಿ ಹೊರಬಂದ ದಿನಕ್ಕೂ ಅಷ್ಟು ಅವಕಾಶ ಸಾಕು.

ನಿಜವಾದ ಲಾಭ ಇರುವುದು 95ರ ತಿರುವಿನಲ್ಲಿ. 4.1ರಲ್ಲಿ ಎರಡನೇ ಗೇರ್ 95.5ಕ್ಕೆ ಮುಗಿಯುತ್ತದೆ, ಅಂದರೆ ತಿರುವಿನ ಮಧ್ಯೆ ಲಿಮಿಟರ್ ಬಡಿಯುತ್ತದೆ. ಮೂರಕ್ಕೆ ಹಾಕಿದರೆ 4900, ಈ ಎಂಜಿನ್‌ಗೆ ಅದು ಸ್ವಲ್ಪ ಮಂಕು. 4.3 ಹಾಕಿದರೆ ಎರಡನೇ ಗೇರ್ 91ಕ್ಕೇ ಮುಗಿಯುವುದರಿಂದ ಗೊಂದಲವೇ ಇಲ್ಲ, ಮೂರನೇ ಗೇರ್, 5150. 60ರ ತಿರುವಿನಲ್ಲಿ 4400 ಇದ್ದದ್ದು 4600 ಆಗುತ್ತದೆ, ಅಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಶೇ. 4.9 ಹೆಚ್ಚು ಟಾರ್ಕ್ ಪೂರ್ತಿಯಾಗಿ ವೇಗೋತ್ಕರ್ಷ ಆಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಎಂಜಿನ್, ಫ್ಲೈವೀಲ್ ತಿರುಗಿಸುವ ಹೊರೆ ಒಟ್ಟು ಅನುಪಾತದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಕೆಳಗಿನ ಗೇರ್‌ಗಳಲ್ಲಿ ಅದು ಒಂದು ಪಾಲು ನುಂಗುತ್ತದೆ. ಟರ್ಬೊ ಇದ್ದಿದ್ದರೆ ನಾನು ಉಲ್ಟಾ ಹೇಳುತ್ತಿದ್ದೆ: 3.909 ಅಥವಾ 3.636.

ಹೆದ್ದಾರಿಯಲ್ಲಿ 100ಕ್ಕೆ ಐದನೇ ಗೇರ್ ಈಗ 3160, 4.3ರಲ್ಲಿ 3315. ಕಿವಿಗೆ ಗೊತ್ತಾಗುತ್ತದೆ, ತಲೆನೋವು ಬರುವಷ್ಟಲ್ಲ. 4.778ರಲ್ಲಿ 3680, ದೂರದ ಪ್ರಯಾಣ ಬೇಸರ ತರಿಸುತ್ತದೆ. ಇನ್ನೊಂದು ಮಾತು, 4.3 ಅಂದರೆ ಡಿಫ್ ಒಳಗಿನ ದೊಡ್ಡ ರಿಂಗ್ ಗೇರ್‌ಗೆ 43 ಮತ್ತು ಅದನ್ನು ತಿರುಗಿಸುವ ಸಣ್ಣ ಪಿನಿಯನ್ ಗೇರ್‌ಗೆ 10 ಹಲ್ಲು; 4.778 ಅಂದರೆ 43 ಮತ್ತು 9. ರಿಂಗ್ ಗೇರ್ ಅಷ್ಟೇ ಅಗಲ ಇರುವಾಗ ಪಿನಿಯನ್ ಚಿಕ್ಕದಾಗುತ್ತದೆ, ಬಲವೂ ಕಡಿಮೆ.

ಕೊಳ್ಳುವಾಗ: ಆರಂಭದ 1.6 ಕಾರುಗಳಲ್ಲೂ 4.3 ಇದೆ, ಆದರೆ ಅದು 6 ಇಂಚಿನ ರಿಂಗ್ ಗೇರ್‌ನ ಸಣ್ಣ ಡಿಫ್, ನಿಮಗೆ ಬೇಡ. ಎರಡನೇ ತಲೆಮಾರಿನ 1.8 5-ಸ್ಪೀಡ್ ಕಾರಿನ 7 ಇಂಚಿನದು ಹುಡುಕಿ. ಮಾರುವವರ ಮಾತು ನಂಬದೆ ಎಣಿಸಿ ನೋಡಿ. ಲಿಮಿಟೆಡ್ ಸ್ಲಿಪ್ (ಎರಡು ಚಕ್ರಗಳ ವೇಗದ ವ್ಯತ್ಯಾಸಕ್ಕೆ ಮಿತಿ ಹಾಕುವ ಡಿಫ್) ಆದರೆ ಎರಡೂ ಕಡೆಯ ಔಟ್‌ಪುಟ್ ಒಟ್ಟಿಗೆ 10 ಸುತ್ತು ತಿರುಗಿಸಿದಾಗ ಪಿನಿಯನ್ 43 ಸುತ್ತಬೇಕು. ಆ ಮಿತಿ ಇಲ್ಲದ ಓಪನ್ ಡಿಫ್‌ನಲ್ಲಿ ಒಂದು ಕಡೆ ಹಿಡಿದು ಇನ್ನೊಂದನ್ನು 20 ಸುತ್ತು ತಿರುಗಿಸಿ, ಆಗಲೂ ಪಿನಿಯನ್ 43 ಸುತ್ತಬೇಕು.

ಸಾಧ್ಯವಾದರೆ ಪೂರ್ತಿ ಡಿಫ್ ಬದಲಿಸಿ, ಗೇರ್ ಮಾತ್ರ ಬದಲಿಸುವ ಗೋಜಿಗೆ ಹೋಗಬೇಡಿ. ಗೇರ್ ಮಾತ್ರ ಹಾಕುವುದಾದರೆ ರಿಂಗ್ ಮತ್ತು ಪಿನಿಯನ್ ಜೋಡಿ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಕೂರಿಸಿದವು, ಬೇರೆ ಬೇರೆ ಜೋಡಿಯಿಂದ ತಂದು ಸೇರಿಸಿದರೆ ಗುಂಯ್‌ಗುಡುವುದು ಖಂಡಿತ. ಪಿನಿಯನ್ ಆಳವನ್ನು ಶಿಮ್‌ನಿಂದ (ತೆಳು ಲೋಹದ ಬಿಲ್ಲೆ), ಬೇರಿಂಗ್ ಪ್ರಿಲೋಡ್ (ಮೊದಲೇ ಕೊಡುವ ಬಿಗಿತ) ಅನ್ನು ಕ್ರಶ್ ಸ್ಲೀವ್‌ನಿಂದ (ನಟ್ ಬಿಗಿದಾಗ ಕುಗ್ಗುವ ತೋಳು) ಹೊಂದಿಸಬೇಕು, ಆಮೇಲೆ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲು) 0.1 ಮಿ.ಮೀ. ಆಸುಪಾಸು, ಮ್ಯಾನ್ಯುಯಲ್‌ನಲ್ಲಿ ಇರುವಂತೆ, ಡಯಲ್ ಗೇಜ್ ಹಿಡಿದು ರಿಂಗ್‌ನ ನಾಲ್ಕು ಕಡೆ ನೋಡಬೇಕು. ಹಲ್ಲಿಗೆ ಗುರುತಿನ ಬಣ್ಣ ಬಳಿದು ತಿರುಗಿಸಿದರೆ ಒತ್ತು ಹಲ್ಲಿನ ಎತ್ತರದ ಮಧ್ಯಕ್ಕೆ ಬೀಳಬೇಕು. ತುದಿಗೆ ಬಿದ್ದರೆ ಪಿನಿಯನ್ ಹೊರಗಿದೆ, ಬುಡಕ್ಕೆ ಬಿದ್ದರೆ ಒಳಗೆ ಹೋಗಿದೆ. ಹೆಚ್ಚಿನವರು ಕೆಡಿಸುವುದು ಕ್ರಶ್ ಸ್ಲೀವ್ ಹಂತದಲ್ಲಿ: ನಟ್ ಮಿತಿ ಮೀರಿ ಬಿಗಿಯಾದರೆ ಹಿಂದಕ್ಕೆ ಸಡಿಲಿಸಿ ಸರಿ ಮಾಡಲು ಬರುವುದಿಲ್ಲ, ಹೊಸ ಸ್ಲೀವ್ ಹಾಕಿ ಮೊದಲಿಂದ ಶುರು. ಎರಡು ಸ್ಲೀವ್ ತಂದಿಟ್ಟುಕೊಳ್ಳಿ.

ಡಿಫ್‌ಗೆ ಗೇರ್ ಆಯಿಲ್, ದರ್ಜೆ 75ಡಬ್ಲ್ಯೂ-90 ಜಿಎಲ್-5, ಕಾರು ಸಮತಟ್ಟಾಗಿ ನಿಂತಿರುವಾಗ ತುಂಬುವ ರಂಧ್ರದ ಕೆಳ ಅಂಚಿನವರೆಗೆ. ಸುಮಾರು 1 ಲೀಟರ್. ಗೇರ್ ಹೊಸದಾದರೆ 15-20 ನಿಮಿಷ ಮೆಲ್ಲಗೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಮೂರು ಸಲ. 800 ಕಿ.ಮೀ. ಆದಮೇಲೆ ಆಯಿಲ್ ಬದಲಿಸಿ, ಆಮೇಲೆ ಟ್ರ್ಯಾಕ್.

ಸ್ಪೀಡೊಮೀಟರ್‌ಗೆ ಲೆಕ್ಕ ಹೋಗುವುದು ಗೇರ್‌ಬಾಕ್ಸ್‌ನಿಂದ, ಹಾಗಾಗಿ ಅದು ಈಗಿನದಕ್ಕಿಂತ ಶೇ. 4.9 ಹೆಚ್ಚು ತೋರಿಸುತ್ತದೆ, ಓಡೊಮೀಟರ್ ಕೂಡ. ಗೇರ್‌ಬಾಕ್ಸ್ ಬದಿಯ ಪ್ಲಾಸ್ಟಿಕ್ ಡ್ರಿವನ್ ಗೇರ್ (ಸ್ಪೀಡೊಮೀಟರ್ ನಡೆಸುವ ಸಣ್ಣ ಗೇರ್) ಬದಲಿಸಿದರೆ ಸರಿಹೋಗುತ್ತದೆ. ಮುಂದೆ 205/50 ಆರ್15 ಟೈರ್ ಹಾಕುವ ಯೋಚನೆ ಇದ್ದರೆ ಈಗಲೇ ಹೇಳಿ: ಆ ಟೈರ್ ಮೇಲೆ 4.3 ಅನ್ನುವುದು ಇಂದಿನ ಟೈರ್ ಮೇಲಿನ 4.23ಕ್ಕೆ ಸಮ, 95ರ ತಿರುವಿನ ಲೆಕ್ಕ ಮತ್ತೆ ಹಾಕಬೇಕಾಗುತ್ತದೆ.